ಊರ ಕ್ಲಬ್ಬಾ, ಟ್ರಾವೆಲ್ ಟೀಮಾ? ಅಮೆರಿಕದ ಲ್ಯಾಕ್ರೋಸ್ ಲೆಕ್ಕ ಕಡೂರಿನ ಅಪ್ಪ-ಅಮ್ಮಂದಿರಿಗೂ ಗೊತ್ತಿರಲಿ

ಕಡೂರು: ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ನಮ್ಮ ಕಡೂರು-ಬೀರೂರು ಭಾಗದಲ್ಲಿ ಈಗ ಬೀದಿಗೊಂದಾದರೂ ಸಿಗುತ್ತವೆ. ಶನಿವಾರ ರಾತ್ರಿ ವಿಡಿಯೋ ಕಾಲ್ ಮಾಡಿದರೆ ಆ ಕಡೆಯಿಂದ 'ಮಗುವಿನ ಮ್ಯಾಚ್ ಇದೆ, ಕಾರಲ್ಲಿದ್ದೀವಿ, ಆಮೇಲೆ ಮಾಡ್ತೀವಿ' ಅನ್ನೋ ಉತ್ತರ ಬರುವುದು ಅಂಥ ಮನೆಗಳಿಗೆ ಹೊಸದೇನಲ್ಲ. ಹತ್ತು-ಹನ್ನೆರಡು ವರ್ಷದ ಮಗುವಿನ ಆಟಕ್ಕೆ ನಾಲ್ಕೈದು ಗಂಟೆ ಕಾರು ಓಡಿಸಿ, ಇನ್ನೊಂದು ರಾಜ್ಯದಲ್ಲಿ ಹೋಟೆಲ್ ರೂಮ್ ಮಾಡಿ, ಎರಡು ದಿನ ಉಳಿದು ಬರುವುದು ಅಲ್ಲಿ ಮಾಮೂಲಿಯಾಗಿದೆ. ಹೀಗೆ ಊರೂರು ಸುತ್ತಿ ಆಡುವ ತಂಡಕ್ಕೆ ಅಲ್ಲಿ 'ಟ್ರಾವೆಲ್ ಟೀಮ್' ಅಂತಾರೆ. ಊರಲ್ಲೇ ಆಡುವ ತಂಡಕ್ಕೆ 'ರೆಕ್ ಟೀಮ್' ಅಂತಾರೆ. ನಮ್ಮ ಮಾತಲ್ಲಿ ಅದು ಊರ ಕ್ಲಬ್.

ಈ ಎರಡರಲ್ಲಿ ಯಾವುದು ಮೇಲು ಅನ್ನುವ ವಾದ ಅಲ್ಲಿ ಮನೆಮನೆಯಲ್ಲೂ ನಡೆಯುತ್ತೆ. ಲ್ಯಾಕ್ರೋಸ್ ಅನ್ನುವ ಆಟದಲ್ಲಂತೂ ಅದು ಜೋರಾಗಿದೆ. ಆ ಆಟ ನಮ್ಮ ತಾಲ್ಲೂಕಿನಲ್ಲಿ ಯಾರೂ ಆಡಲ್ಲ, ಹಾಗಿದ್ದ ಮೇಲೆ ಇಲ್ಲಿ ಯಾಕೆ ಬರೀಬೇಕು ಅಂತ ಕೇಳಬಹುದು. ಎರಡು ಕಾರಣ ಇದೆ. 2023ರ ಅಕ್ಟೋಬರ್‌ನಲ್ಲಿ ನಮ್ಮದೇ ಮುಂಬೈನಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಸಭೆಯಲ್ಲಿ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಸೇರಿತು ಅಂತ ನಾವೆಲ್ಲ ಖುಷಿಪಟ್ಟೆವು. ಅದೇ ದಿನ ಅದೇ ಪಟ್ಟಿಯಲ್ಲಿ ಲ್ಯಾಕ್ರೋಸ್ ಕೂಡ ಸೇರಿತು. ಇದು ಒಂದು. ಮಕ್ಕಳ ಆಟವನ್ನು ಫೀಸು ಕಟ್ಟಿ ಕೊಳ್ಳುವ ಪದ್ಧತಿ ಅಲ್ಲಿ ಮೂವತ್ತು ವರ್ಷದಲ್ಲಿ ಬೆಳೆದು ನಿಂತಿದೆ, ನಮ್ಮಲ್ಲಿ ಈಗ ಕಾಲಿಡುತ್ತಿದೆ. ಇದು ಎರಡನೆಯದು. ಅಲ್ಲಿನ ಲೆಕ್ಕ ಏನಾಯ್ತು ಅಂತ ನೋಡಿಕೊಂಡರೆ ನಾವು ದುಡ್ಡು ಕಟ್ಟುವ ಮೊದಲು ಏನು ಕೇಳಬೇಕು ಅಂತ ಗೊತ್ತಾಗುತ್ತೆ.

ಆಟ ಯಾವುದು?

ಮಾವಿನಕಾಯಿ ಕೀಳುವ ದೋಟಿಯನ್ನು ಮೂರೂಕಾಲು ಅಡಿಗೆ ಕತ್ತರಿಸಿ, ತುದಿಗೆ ಸಣ್ಣ ಬಲೆ ಕಟ್ಟಿದ್ದಾರೆ ಅಂದ್ಕೊಳ್ಳಿ. ಅದೇ ಲ್ಯಾಕ್ರೋಸ್ ಕೋಲು. ಚೆಂಡು ಗಟ್ಟಿ ರಬ್ಬರಿನದು, ಹೆಚ್ಚುಕಡಿಮೆ ಟೆನಿಸ್ ಚೆಂಡಿನ ಗಾತ್ರ. ಅದನ್ನು ಬಲೆಯಲ್ಲಿ ಹಿಡಿದು, ಓಡುತ್ತಾ ಜೊತೆಯವನಿಗೆ ಎಸೆದು, ಕೊನೆಗೆ ಆರು ಅಡಿ ಅಗಲ, ಆರು ಅಡಿ ಎತ್ತರದ ಗೋಲಿಗೆ ಹೊಡೆಯಬೇಕು. ಗಂಡು ಮಕ್ಕಳ ಮೈದಾನದ ಆಟದಲ್ಲಿ ಒಂದು ಕಡೆ ಹತ್ತು ಜನ. ಒಲಿಂಪಿಕ್ಸ್‌ನಲ್ಲಿ ಆಡುವುದು 'ಸಿಕ್ಸಸ್' ಅನ್ನುವ ಆರು ಜನರ ಚುಟುಕು ಆಟ, ನಮ್ಮ ಟಿ-20 ಇದ್ದ ಹಾಗೆ.

ಆಟ ಹುಟ್ಟಿದ್ದು ಉತ್ತರ ಅಮೆರಿಕದ ಮೂಲನಿವಾಸಿಗಳಲ್ಲಿ. ಅದರಲ್ಲೂ ಹೌಡೆನೊಸೌನಿ ಅನ್ನುವ ಒಕ್ಕೂಟದ ಜನರಿಗೆ ಇದು ಬರೀ ಆಟವಲ್ಲ, ದೇವರು ಕೊಟ್ಟದ್ದು ಅನ್ನುವ ಭಕ್ತಿ. ಊರ ಜನ ಊರಿಗಾಗಿ, ಕಾಯಿಲೆ ಬಿದ್ದವರು ಗುಣವಾಗಲಿ ಅಂತ ಆಡುತ್ತಿದ್ದ ಆಟ. ಅಂಥ ಆಟ ಇವತ್ತು ಅಮೆರಿಕದಲ್ಲಿ ದುಡ್ಡಿದ್ದವರ ಮಕ್ಕಳ ಆಟ ಅನ್ನಿಸಿಕೊಂಡಿದೆ. ಅದು ಹೇಗಾಯ್ತು ಅಂತ ತಿಳಿಯಲು ಎರಡೂ ತಂಡಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಊರ ಕ್ಲಬ್ ನಡೆಯುವ ಬಗೆ

ಊರ ಕ್ಲಬ್ ಅಂದರೆ ಅಲ್ಲಿನ ಪುರಸಭೆಯೋ ಜಿಲ್ಲಾ ಆಡಳಿತವೋ ಕೊಟ್ಟ ಮೈದಾನದಲ್ಲಿ ಅಪ್ಪ-ಅಮ್ಮಂದಿರ ಸಮಿತಿ ನಡೆಸುವ ತಂಡ. ಹೆಸರು ಬರೆಸಿ ಫೀಸು ಕಟ್ಟಿದ ಯಾವ ಮಗುವಿಗೂ ಇಲ್ಲ ಅನ್ನಲ್ಲ. ಫೀಸು ಸಾಮಾನ್ಯವಾಗಿ ಕೆಲವು ನೂರು ಡಾಲರ್ ಒಳಗೇ ಇರುತ್ತೆ. ಋತು ವಸಂತ ಕಾಲದ್ದು, ಮಾರ್ಚ್‌ನಿಂದ ಜೂನ್ ತನಕ. ವಾರಕ್ಕೆ ಒಂದೆರಡು ದಿನ ಅಭ್ಯಾಸ, ಭಾನುವಾರ ಪಕ್ಕದೂರಿನವರ ಜೊತೆ ಒಂದು ಮ್ಯಾಚು. ಕೋಚ್ ಅಂದರೆ ತಂಡದಲ್ಲಿರುವ ಯಾವುದೋ ಹುಡುಗನ ಅಪ್ಪ ಅಥವಾ ಅಮ್ಮ, ಸಂಬಳ ಇಲ್ಲ. ಎಷ್ಟೋ ಊರಲ್ಲಿ ಮಕ್ಕಳ ಅಂಗಿಯ ಬೆನ್ನ ಮೇಲೆ ಊರಿನ ಪೀಜಾ ಅಂಗಡಿ, ಹಾರ್ಡ್‌ವೇರ್ ಅಂಗಡಿ, ಹಲ್ಲಿನ ಡಾಕ್ಟರ ಹೆಸರಿರುತ್ತೆ. ನಮ್ಮಲ್ಲಿ ಕಬಡ್ಡಿ ಪಂದ್ಯಾವಳಿಗೆ ಬಟ್ಟೆ ಅಂಗಡಿಯವರು, ಕಾಯಿ ಮಂಡಿಯವರು ಜರ್ಸಿ ಕೊಡಿಸಿ ಫ್ಲೆಕ್ಸ್ ಹಾಕಿಸಿಕೊಳ್ಳುತ್ತಾರಲ್ಲ, ಹಾಗೇ.

ಇದರ ಒಳ್ಳೆಯದು ಎದ್ದು ಕಾಣುತ್ತೆ. ಖರ್ಚು ಕಮ್ಮಿ, ಮೈದಾನ ಹತ್ತಿರ, ಎಲ್ಲ ಮಕ್ಕಳಿಗೂ ಆಡಲು ಅವಕಾಶ. ಕೊರತೆಯೂ ಅಷ್ಟೇ ಎದ್ದು ಕಾಣುತ್ತೆ. ಕೋಚ್ ಆದ ಅಪ್ಪನಿಗೆ ಆಟ ಗೊತ್ತಿದ್ದರೆ ಪುಣ್ಯ, ಗೊತ್ತಿಲ್ಲದಿದ್ದರೆ ಮಕ್ಕಳು ತಪ್ಪನ್ನೇ ಕಲಿಯುತ್ತವೆ. ನಾಲ್ಕು ವರ್ಷದಿಂದ ಆಡುವ ಹುಡುಗನೂ ನಿನ್ನೆ ಸೇರಿದವನೂ ಒಂದೇ ತಂಡದಲ್ಲಿ ಇರುತ್ತಾರೆ. ಚುರುಕಾದ ಮಗುವಿಗೆ ಬೇಸರ ಬರುತ್ತೆ. ತನ್ನ ಮಗನನ್ನೇ ಮುಂದೆ ನಿಲ್ಲಿಸುವ ಕೋಚ್ ಅಪ್ಪಂದಿರ ಮೇಲಿನ ದೂರು ಅಲ್ಲೂ ಇದ್ದದ್ದೇ.

ಟ್ರಾವೆಲ್ ಟೀಮ್ ನಡೆಯುವ ಬಗೆ

ಟ್ರಾವೆಲ್ ಟೀಮಿಗೆ ಹೆಸರು ಬರೆಸಿದರೆ ಸಾಲದು, ಆಯ್ಕೆಯಲ್ಲಿ ಗೆಲ್ಲಬೇಕು. ಬೇಸಿಗೆ ಮುಗಿಯುವ ಹೊತ್ತಿಗೆ ಆಯ್ಕೆ ನಡೆಸುತ್ತಾರೆ. ಕೋಚ್‌ಗೆ ಸಂಬಳ ಇರುತ್ತೆ, ಎಷ್ಟೋ ಕಡೆ ಅವರು ಕಾಲೇಜು ಮಟ್ಟದಲ್ಲಿ ಆಡಿದವರು. ಅಭ್ಯಾಸ ವರ್ಷವಿಡೀ, ಚಳಿಗಾಲದಲ್ಲಿ ಒಳಾಂಗಣದಲ್ಲಿ. ಜೂನ್-ಜುಲೈನಲ್ಲಿ ವಾರಕ್ಕೊಂದು ಊರಲ್ಲಿ ಟೂರ್ನಿ. ಫೀಸು ವರ್ಷಕ್ಕೆ ಸಾವಿರಾರು ಡಾಲರ್. ಅದರ ಮೇಲೆ ತಂಡದ ಸಮವಸ್ತ್ರ, ಬ್ಯಾಗು, ಪೆಟ್ರೋಲು, ಊಟ, ಹೋಟೆಲ್ ಬೇರೆ.

ಹೋಟೆಲ್ ವಿಷಯದಲ್ಲಿ ಒಂದು ಮಾತು ನಮ್ಮ ವ್ಯಾಪಾರಸ್ಥರಿಗೆ ತಕ್ಷಣ ಅರ್ಥವಾಗುತ್ತೆ. ಅಲ್ಲಿ ಹಲವು ಟೂರ್ನಿಗಳಲ್ಲಿ 'ಆಡಬೇಕಾದರೆ ನಾವು ಹೇಳಿದ ಹೋಟೆಲಲ್ಲೇ ಉಳಿಯಬೇಕು' ಅನ್ನುವ ಕರಾರು ಇರುತ್ತೆ. ಟೂರ್ನಿ ನಡೆಸುವವರಿಗೂ ಹೋಟೆಲಿನವರಿಗೂ ಮೊದಲೇ ಮಾತಾಗಿರುತ್ತೆ. ಪಕ್ಕದಲ್ಲೇ ನೆಂಟರ ಮನೆ ಇದ್ದರೂ, ಕಮ್ಮಿ ಬೆಲೆಯ ಲಾಡ್ಜ್ ಇದ್ದರೂ ತಂಡ ಅಲ್ಲೇ ರೂಮ್ ಮಾಡಬೇಕು. ಅಂದರೆ ಮಗುವಿನ ಆಟದ ಸುತ್ತ ಒಂದು ಸಂತೆಯೇ ಕಟ್ಟಿಕೊಂಡಿದೆ: ಟೂರ್ನಿ ಕಂಪನಿ, ಹೋಟೆಲ್, ಮಗುವಿನ ಆಟ ಚಿತ್ರೀಕರಿಸಿ ವಿಡಿಯೋ ಮಾಡಿಕೊಡುವವರು, ಮಕ್ಕಳಿಗೆ ರ್‍ಯಾಂಕ್ ಕೊಡುವ ವೆಬ್‌ಸೈಟು, ಬಿಡಿಬಿಡಿಯಾಗಿ ಪಾಠ ಹೇಳುವ ಕೋಚು. ಈ ಸಂತೆಯಲ್ಲಿ ಗಿರಾಕಿ ಒಬ್ಬರೇ, ಅಪ್ಪ-ಅಮ್ಮ.

ಖರ್ಚು ಎಷ್ಟು?

ಅಮೆರಿಕದ ಆಸ್ಪೆನ್ ಇನ್‌ಸ್ಟಿಟ್ಯೂಟ್ ಅನ್ನುವ ಸಂಸ್ಥೆ ಮಕ್ಕಳ ಆಟದ ಖರ್ಚಿನ ಮೇಲೆ ಕಣ್ಣಿಟ್ಟು ಸಮೀಕ್ಷೆ ಮಾಡುತ್ತೆ. 2019ರ ಅದರ ಲೆಕ್ಕದಲ್ಲಿ ಒಂದು ಮಗುವಿನ ಒಂದು ಆಟಕ್ಕೆ ವರ್ಷಕ್ಕೆ ಸರಾಸರಿ 693 ಡಾಲರ್ ಖರ್ಚು. ಲ್ಯಾಕ್ರೋಸ್‌ಗೆ ಸರಾಸರಿ 1,289 ಡಾಲರ್, ಆಗಿನ ರೇಟಿನಲ್ಲಿ ಸುಮಾರು 90 ಸಾವಿರ ರೂಪಾಯಿ. ಓಟ-ಜಿಗಿತದಂಥ ಅಥ್ಲೆಟಿಕ್ಸ್‌ಗೆ ಎಲ್ಲಕ್ಕಿಂತ ಕಮ್ಮಿ, 191 ಡಾಲರ್. ಇದು ಊರ ಕ್ಲಬ್ಬಿನವರನ್ನೂ ಟ್ರಾವೆಲ್ ಟೀಮಿನವರನ್ನೂ ಸೇರಿಸಿ ತೆಗೆದ ಸರಾಸರಿ. ಹಾಗಾಗಿ ಟ್ರಾವೆಲ್ ಮನೆಗಳ ಖರ್ಚು ಇದಕ್ಕಿಂತ ಬಹಳ ಮೇಲೆ. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಶ ಇತ್ತು. ಎಲ್ಲ ಆಟಗಳನ್ನೂ ಸೇರಿಸಿ ನೋಡಿದರೆ ಅತಿ ದೊಡ್ಡ ಖರ್ಚು ಕೋಚಿಂಗೂ ಅಲ್ಲ, ಸಾಮಾನೂ ಅಲ್ಲ, ಓಡಾಟ.

2024ಕ್ಕೆ ಒಂದು ಮಗುವಿನ ಮುಖ್ಯ ಆಟದ ಸರಾಸರಿ ಖರ್ಚು 1,016 ಡಾಲರ್‌ಗೆ ಏರಿತ್ತು. ಐದು ವರ್ಷದಲ್ಲಿ ಶೇ 46 ಏರಿಕೆ. ಅಲ್ಲಿನ ಸಂಬಳವೂ ದೊಡ್ಡದು, ರೂಪಾಯಿಗೆ ತಿರುಗಿಸಿ ಗಾಬರಿ ಆಗೋದು ಬೇಡ ಅನ್ನುವ ಮಾತು ನಿಜ. ಆದರೆ ಅಲ್ಲೂ ಕೂಲಿ ಮಾಡುವವರು, ಅಂಗಡಿಯಲ್ಲಿ ಕೆಲಸ ಮಾಡುವವರು, ಲಾರಿ ಓಡಿಸುವವರು ಇದ್ದಾರೆ. ಶನಿವಾರ-ಭಾನುವಾರವೇ ಕೆಲಸ ಇರುವವನಿಗೆ ಮಗುವನ್ನು ಟೂರ್ನಿಗೆ ಕರೆದುಕೊಂಡು ಹೋಗುವುದು ಹೇಗೆ? ಫೀಸು ಮಾಫಿ ಮಾಡಿದರೂ ಕಾರು, ಪುರುಸೊತ್ತು ಎರಡನ್ನೂ ಯಾರೂ ಮಾಫಿ ಮಾಡಲ್ಲ.

ಇನ್ನು ಸಾಮಾನಿನ ವಿಷಯ. ಗಂಡು ಮಕ್ಕಳಿಗೆ ಹೆಲ್ಮೆಟ್, ಗ್ಲೌಸ್, ಭುಜದ ಪ್ಯಾಡ್, ತೋಳಿನ ಪ್ಯಾಡ್, ಹಲ್ಲಿನ ಗಾರ್ಡ್, ಕೋಲು ಇಷ್ಟು ಬೇಕು. ಹೆಣ್ಣು ಮಕ್ಕಳಿಗೆ ಕಣ್ಣಿನ ಕನ್ನಡಕ, ಹಲ್ಲಿನ ಗಾರ್ಡ್, ಕೋಲು ಸಾಕು. ಮಗು ಬೆಳೆದ ಹಾಗೆ ಎಲ್ಲ ಹೊಸದಾಗಿ ಕೊಳ್ಳಬೇಕು. ಅದಕ್ಕೇ ಹಲವು ಊರ ಕ್ಲಬ್ಬುಗಳು ಹಳೇ ಸಾಮಾನನ್ನು ಇಟ್ಟುಕೊಂಡು ಹೊಸ ಮಕ್ಕಳಿಗೆ ಎರವಲು ಕೊಡುತ್ತವೆ.

ಸ್ಕಾಲರ್‌ಶಿಪ್ ಅನ್ನುವ ಆಸೆ

ಇಷ್ಟು ಖರ್ಚು ಮಾಡುವವರು ದಡ್ಡರೇನಲ್ಲ. ಅವರ ತಲೆಯಲ್ಲಿ ಒಂದು ಲೆಕ್ಕ ಇರುತ್ತೆ. ಅಮೆರಿಕದಲ್ಲಿ ಕಾಲೇಜು ಓದು ಬಹಳ ದುಬಾರಿ. ಮಗು ಚೆನ್ನಾಗಿ ಆಡಿದರೆ ಕಾಲೇಜು ಸ್ಕಾಲರ್‌ಶಿಪ್ ಕೊಡುತ್ತೆ, ಇಲ್ಲವೇ ಒಳ್ಳೆ ಕಾಲೇಜಿನಲ್ಲಿ ಸೀಟಾದರೂ ಸಿಗುತ್ತೆ ಅನ್ನುವ ಆಸೆ. ಕಾಲೇಜು ಕೋಚ್‌ಗಳು ಆಟಗಾರರನ್ನು ಹುಡುಕಲು ಬರುವುದು ದೊಡ್ಡ ಟೂರ್ನಿಗಳಿಗೆ. ಆ ಟೂರ್ನಿಗಳಿಗೆ ಹೋಗುವುದು ಟ್ರಾವೆಲ್ ಟೀಮುಗಳು. ಹೀಗಾಗಿ 'ಟ್ರಾವೆಲ್ ಟೀಮಲ್ಲಿ ಇಲ್ಲದಿದ್ದರೆ ಮಗು ಯಾರ ಕಣ್ಣಿಗೂ ಬೀಳಲ್ಲ' ಅನ್ನುವ ಭಯ ಹುಟ್ಟಿಕೊಂಡಿದೆ.

ಆ ಲೆಕ್ಕ ಗಿಟ್ಟುತ್ತಾ? ಅಲ್ಲಿ ಕಾಲೇಜು ಕ್ರೀಡೆಯನ್ನು ನಡೆಸುವುದು ಎನ್‌ಸಿಎಎ ಅನ್ನುವ ಸಂಸ್ಥೆ. ಅದರ ಮೊದಲ ದರ್ಜೆಯಲ್ಲಿ ಗಂಡು ಮಕ್ಕಳ ಲ್ಯಾಕ್ರೋಸ್ ತಂಡ ಇರುವ ಕಾಲೇಜುಗಳು ಎಪ್ಪತ್ತು ಚಿಲ್ಲರೆ. ಬಹಳ ವರ್ಷ ಅಲ್ಲಿದ್ದ ನಿಯಮ ಏನು ಅಂದರೆ ಒಂದು ತಂಡಕ್ಕೆ ಹೆಚ್ಚೆಂದರೆ 12.6 ಸ್ಕಾಲರ್‌ಶಿಪ್. ತಂಡದಲ್ಲಿ ನಲವತ್ತು-ಐವತ್ತು ಹುಡುಗರು ಇರುತ್ತಾರೆ. ಹನ್ನೆರಡೂವರೆಯಷ್ಟನ್ನು ನಲವತ್ತು ಜನಕ್ಕೆ ಹಂಚಿದರೆ ತಲೆಗೆ ಎಷ್ಟು ಬರುತ್ತೆ? ಒಬ್ಬನಿಗೆ ಕಾಲು ಭಾಗ, ಇನ್ನೊಬ್ಬನಿಗೆ ಪುಸ್ತಕದ ಖರ್ಚು, ಮತ್ತೊಬ್ಬನಿಗೆ ಏನೂ ಇಲ್ಲ. ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕವರು ಬಹಳ ಅಪರೂಪ. 2025ರಲ್ಲಿ ಕೋರ್ಟ್ ಒಪ್ಪಿದ ಒಂದು ರಾಜಿಯ ನಂತರ, ಅದಕ್ಕೆ ಒಪ್ಪಿಕೊಂಡ ಕಾಲೇಜುಗಳಲ್ಲಿ ಆ ಮಿತಿ ಹೋಗಿ, ತಂಡದಲ್ಲಿ 48 ಜನಕ್ಕಿಂತ ಹೆಚ್ಚು ಇರಬಾರದು ಅನ್ನುವ ಹೊಸ ಮಿತಿ ಬಂತು. ಬೇಕಾದರೆ ಎಲ್ಲರಿಗೂ ಸ್ಕಾಲರ್‌ಶಿಪ್ ಕೊಡಬಹುದು. ಆದರೆ ಕೊಡಬಹುದು ಅಂದರೆ ಕೊಡ್ತಾರೆ ಅಂತಲ್ಲ, ಕಾಲೇಜಿನ ಹತ್ತಿರ ದುಡ್ಡು ಇರಬೇಕು.

ಇನ್ನೂ ಒಂದು ಮಾತು. ಲ್ಯಾಕ್ರೋಸ್ ಆಡುವ ಕಾಲೇಜುಗಳು ಅತಿ ಹೆಚ್ಚು ಇರುವುದು ಮೂರನೇ ದರ್ಜೆಯಲ್ಲಿ. ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಕೊಡುವಂತೆಯೇ ಇಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿದ ಐವಿ ಲೀಗ್ ಕಾಲೇಜುಗಳೂ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡಲ್ಲ.

ಈಗ ಒಂದು ಅಂಗಡಿ ಲೆಕ್ಕ ಹಾಕೋಣ. ಉದಾಹರಣೆಗೆ ವರ್ಷಕ್ಕೆ ಎಲ್ಲ ಸೇರಿ 4,000 ಡಾಲರ್ ಖರ್ಚು, ಹತ್ತನೇ ವಯಸ್ಸಿನಿಂದ ಹದಿನೇಳರ ತನಕ ಎಂಟು ವರ್ಷ ಅಂದ್ಕೊಳ್ಳಿ. 32,000 ಡಾಲರ್ ಆಯ್ತು. ಕಾಲು ಭಾಗದ ಸ್ಕಾಲರ್‌ಶಿಪ್ಪಿಗೆ ಇಷ್ಟು ಬಂಡವಾಳ ಹಾಕುವ ಬದಲು ಅದೇ ದುಡ್ಡನ್ನು ಬ್ಯಾಂಕಿನಲ್ಲಿ ಇಟ್ಟಿದ್ದರೆ? ಮಗು ಆಡಲಿ, ಖುಷಿಪಡಲಿ ಅಂತ ಖರ್ಚು ಮಾಡಿದರೆ ಅದು ಬೇರೆ ಮಾತು. ಲಾಭಕ್ಕೆ ಅಂತ ಮಾಡಿದರೆ ಬಹಳ ಮನೆಗಳಿಗೆ ಇದು ಗಿಟ್ಟುವ ವ್ಯಾಪಾರವಲ್ಲ.

ಭಯ ಎಷ್ಟು ದೂರ ಹೋಗಿತ್ತು ಅನ್ನೋದಕ್ಕೂ ಒಂದು ಪುರಾವೆ ಇದೆ. ಒಂದು ಕಾಲದಲ್ಲಿ ಎಂಟನೇ ಕ್ಲಾಸು, ಒಂಬತ್ತನೇ ಕ್ಲಾಸಿನ ಮಕ್ಕಳೇ 'ನಾನು ಇಂಥ ಕಾಲೇಜಿಗೆ ಆಡ್ತೀನಿ' ಅಂತ ಬಾಯಿಮಾತಿನಲ್ಲಿ ಒಪ್ಪಿಕೊಳ್ಳುತ್ತಿದ್ದರು. ಕಾಲೇಜು ಕೋಚ್‌ಗಳಿಗೇ ಇದು ಅತಿಯಾಯ್ತು ಅನ್ನಿಸಿ, 2017ರ ಏಪ್ರಿಲ್‌ನಲ್ಲಿ ಎನ್‌ಸಿಎಎ ನಿಯಮ ತಂತು: ಹನ್ನೊಂದನೇ ಕ್ಲಾಸಿನ ಸೆಪ್ಟೆಂಬರ್ 1ರ ತನಕ ಕಾಲೇಜು ಕೋಚ್‌ಗಳು ಲ್ಯಾಕ್ರೋಸ್ ಆಡುವ ಮಕ್ಕಳ ಜೊತೆ ಆಯ್ಕೆಯ ಮಾತು ಆಡುವಂತಿಲ್ಲ. ಅಂದರೆ ಹತ್ತು ವರ್ಷದ ಮಗುವಿನ ಟೂರ್ನಿ ನೋಡಿ ಯಾವ ಕಾಲೇಜೂ ಸೀಟು ಕೊಡಲ್ಲ. ಆದರೂ ಹತ್ತು ವರ್ಷದೊಳಗಿನವರ ಟ್ರಾವೆಲ್ ಟೀಮ್ ನಿಂತಿಲ್ಲ. ನಿಯಮ ಬದಲಾದರೂ ಭಯ ಬದಲಾಗಿಲ್ಲ.

ಊರ ಕ್ಲಬ್ ಖಾಲಿಯಾಗುವ ಬಗೆ

ನನ್ನ ಪ್ರಕಾರ ದೊಡ್ಡ ನಷ್ಟ ಫೀಸಿನದಲ್ಲ. ಅದು ಊರಲ್ಲೇ ಉಳಿದ ಮಕ್ಕಳಿಗೆ ಆಗುವ ನಷ್ಟ. ಇದು ಹೇಗೆ ಆಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಸರ್ಕಾರಿ ಶಾಲೆಯಲ್ಲಿ ನೋಡಿದ್ದೇವೆ.

ಹಳ್ಳಿಗೆ ಕಾನ್ವೆಂಟ್ ವ್ಯಾನ್ ಬರೋಕೆ ಶುರುವಾದಾಗ ಮೊದಲು ಹೋದವರು ಯಾರ ಮಕ್ಕಳು? ಕೈಯಲ್ಲಿ ನಾಲ್ಕು ಕಾಸು ಇದ್ದವರ ಮಕ್ಕಳು. ಅವರ ಜೊತೆಗೆ ಎಸ್‌ಡಿಎಂಸಿ ಸಭೆಯಲ್ಲಿ ಎದ್ದು ನಿಂತು 'ಮೇಷ್ಟ್ರು ಯಾಕೆ ಬಂದಿಲ್ಲ, ಬಿಸಿಯೂಟ ಯಾಕೆ ಹೀಗಿದೆ' ಅಂತ ಕೇಳುವ ಅಪ್ಪಂದಿರೂ ಹೋದರು. ಕೇಳುವವರು ಹೋದ ಮೇಲೆ ಶಾಲೆ ಸೊರಗಿತು. ಸೊರಗಿದ್ದು ನೋಡಿ ಇನ್ನಷ್ಟು ಮಕ್ಕಳು ಹೋದರು. ಕೊನೆಗೆ ಮಕ್ಕಳಿಲ್ಲ ಅಂತ ಶಾಲೆಯನ್ನೇ ಪಕ್ಕದೂರಿನ ಶಾಲೆಗೆ ಸೇರಿಸುವ ಮಾತು ಬಂತು.

ಲ್ಯಾಕ್ರೋಸ್ ಊರ ಕ್ಲಬ್‌ಗೆ ಆಗುವುದೂ ಅದೇ. ಚೆನ್ನಾಗಿ ಆಡುವ ಐದಾರು ಮಕ್ಕಳು ಟ್ರಾವೆಲ್ ಟೀಮಿಗೆ ಹೋಗುತ್ತವೆ. ಆ ಮಕ್ಕಳ ಅಪ್ಪ-ಅಮ್ಮಂದಿರೇ ಊರ ಕ್ಲಬ್ಬಿನ ಕೋಚು, ಖಜಾಂಚಿ, ಮೈದಾನಕ್ಕೆ ಸುಣ್ಣದ ಗೆರೆ ಹಾಕುವವರು. ಶನಿವಾರ-ಭಾನುವಾರ ಅವರು ಇನ್ನೆಲ್ಲೋ ಇರುತ್ತಾರೆ. ಕ್ಲಬ್ಬಿಗೆ ಕೋಚ್ ಸಿಗಲ್ಲ. ಆಟದ ಮಟ್ಟ ಇಳಿಯುತ್ತೆ. 'ಊರ ಕ್ಲಬ್ಬಲ್ಲಿ ಏನೂ ಕಲಿಯಲ್ಲ' ಅನ್ನುವ ಮಾತು ನಿಜವಾಗುತ್ತಾ ಹೋಗುತ್ತೆ. ಮಕ್ಕಳು ಸಾಲದೆ ತಂಡವನ್ನು ಪಕ್ಕದೂರಿನ ತಂಡಕ್ಕೆ ಸೇರಿಸುತ್ತಾರೆ. ಹೊಸದಾಗಿ ಕೋಲು ಹಿಡಿಯಬೇಕು ಅನ್ನುವ ಬಡವರ ಮಗುವಿಗೆ ಬಾಗಿಲೇ ಇರಲ್ಲ.

ತಮಾಷೆ ಏನು ಅಂದರೆ ಇದರಿಂದ ಟ್ರಾವೆಲ್ ಟೀಮಿಗೂ ನಷ್ಟವೇ. ಅವರು ಆರಿಸಿಕೊಳ್ಳುವ ಮಕ್ಕಳು ಮೊದಲು ಕೋಲು ಹಿಡಿಯುವುದು ಊರ ಕ್ಲಬ್ಬಿನಲ್ಲೇ. ಸಸಿಮಡಿಯನ್ನು ಒಣಗಿಸಿ ತೋಟ ಮಾಡ್ತೀನಿ ಅಂದರೆ ನಡೆಯುತ್ತಾ?

ಟ್ರಾವೆಲ್ ಟೀಮಿನವರ ಮಾತೂ ಕೇಳಬೇಕು

ಒಂದೇ ಕಡೆ ಬರೆದರೆ ನ್ಯಾಯ ಆಗಲ್ಲ. ಟ್ರಾವೆಲ್ ಟೀಮಿನಲ್ಲಿ ಒಳ್ಳೆಯದಿಲ್ಲ ಅಂತಲ್ಲ. ಹದಿನಾಲ್ಕು-ಹದಿನೈದು ವಯಸ್ಸಾಗಿ, ಆಟದ ಮೇಲೆ ನಿಜವಾದ ಹಸಿವಿರುವ ಮಗುವಿಗೆ ತನ್ನಷ್ಟೇ ಗಟ್ಟಿಯಾದ ಎದುರಾಳಿ ಬೇಕು. ಅದು ಊರಲ್ಲಿ ಸಿಗದಿದ್ದರೆ ಹೊರಗೆ ಹೋಗಲೇಬೇಕು. ಶಾಲೆಯಲ್ಲೂ ತಂಡ ಇಲ್ಲ, ಊರಲ್ಲೂ ಕ್ಲಬ್ ಇಲ್ಲ ಅನ್ನುವ ಕಡೆ ಟ್ರಾವೆಲ್ ಟೀಮೇ ಗತಿ. ಕೆಲವು ಟೀಮುಗಳು ಕೈಲಾಗದವರಿಗೆ ಫೀಸಿನಲ್ಲಿ ರಿಯಾಯಿತಿ ಕೊಡುತ್ತವೆ.

ಬೇರೆ ದಾರಿ ಹಿಡಿದವರೂ ಇದ್ದಾರೆ. ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಶುರುವಾದ ಹಾರ್ಲೆಮ್ ಲ್ಯಾಕ್ರೋಸ್ ಅನ್ನುವ ಸಂಸ್ಥೆ ಸರ್ಕಾರಿ ಶಾಲೆಗಳ ಒಳಗೇ ತಂಡ ಕಟ್ಟಿ, ಆಟದ ಜೊತೆ ಪಾಠಕ್ಕೂ ಮಕ್ಕಳ ಬೆನ್ನಿಗೆ ನಿಲ್ಲುತ್ತೆ. ಬಾಲ್ಟಿಮೋರ್, ಬಾಸ್ಟನ್‌ನಂಥ ಊರುಗಳಿಗೂ ಅದು ಹರಡಿದೆ. ದುಡ್ಡಿಲ್ಲದ ಮನೆಯ ಮಗುವಿಗೂ ಈ ಆಟ ಒಗ್ಗುತ್ತೆ, ಒಗ್ಗದೇ ಇರುವುದು ಖರ್ಚು ಮಾತ್ರ ಅನ್ನೋದಕ್ಕೆ ಇದು ಸಾಕ್ಷಿ.

ಹಾಗಾದರೆ ಪ್ರಶ್ನೆ ಹೋಗಬೇಕೋ ಬೇಡವೋ ಅನ್ನೋದಲ್ಲ, ಯಾವ ವಯಸ್ಸಿಗೆ ಅನ್ನೋದು. ಇಲ್ಲಿ ಡಾಕ್ಟರುಗಳ ಮಾತು ಕೇಳಬೇಕು. ಅಮೆರಿಕದ ಮಕ್ಕಳ ತಜ್ಞರ ಸಂಘ, ಅಂದರೆ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 2016ರ ವರದಿಯಲ್ಲಿ ಹೀಗೆ ಹೇಳಿದೆ: ಹದಿನೈದು-ಹದಿನಾರು ವರ್ಷದ ತನಕ ಒಂದೇ ಆಟಕ್ಕೆ ಕಟ್ಟಿಹಾಕಬೇಡಿ. ವಾರಕ್ಕೆ ಒಂದೆರಡು ದಿನ ಬಿಡುವು ಕೊಡಿ. ವರ್ಷದಲ್ಲಿ ಒಟ್ಟು ಮೂರು ತಿಂಗಳು, ಒಂದೊಂದು ತಿಂಗಳ ಕಂತಿನಲ್ಲಿ, ಆ ಆಟದಿಂದ ದೂರ ಇಡಿ. ಒಂದೇ ಕೀಲಿಗೆ, ಒಂದೇ ಸ್ನಾಯುವಿಗೆ ವರ್ಷವಿಡೀ ಹೊರೆ ಬಿದ್ದರೆ ಗಾಯ ಆಗುತ್ತೆ, ಮನಸ್ಸಿಗೂ ಸುಸ್ತಾಗುತ್ತೆ ಅನ್ನೋದು ಅವರ ವಾದ. ಅಮೆರಿಕನ್ ಫುಟ್‌ಬಾಲ್‌ನ ದಂತಕಥೆ ಜಿಮ್ ಬ್ರೌನ್ ಕಾಲೇಜಿನಲ್ಲಿ ಲ್ಯಾಕ್ರೋಸ್‌ನಲ್ಲೂ ದೇಶದ ಅಗ್ರ ಆಟಗಾರನಾಗಿದ್ದ. ಒಂದಕ್ಕಿಂತ ಹೆಚ್ಚು ಆಟ ಆಡಿದರೆ ಹಾಳಾಗ್ತಾರೆ ಅನ್ನುವವರಿಗೆ ಅದೊಂದು ಉತ್ತರ.

ಆಸ್ಪೆನ್‌ನವರ 2019ರ ಲೆಕ್ಕದಲ್ಲೇ ಇನ್ನೊಂದು ಸಂಗತಿ ಇತ್ತು. ಸರಾಸರಿ ಮಗು ಒಂದು ಆಟವನ್ನು ಮೂರು ವರ್ಷಕ್ಕಿಂತ ಕಮ್ಮಿ ಆಡಿ, ಹನ್ನೊಂದರ ಹೊತ್ತಿಗೆ ಬಿಟ್ಟುಬಿಡುತ್ತೆ. ಮುಖ್ಯ ಕಾರಣ ಆಟ ಖುಷಿ ಕೊಡದೇ ಇರುವುದು. ಆಯ್ಕೆ, ರ್‍ಯಾಂಕು, ಟೂರ್ನಿ ಜೋರಾಗುವ ವಯಸ್ಸೂ ಅದೇ.

ನಾರ್ವೆ ದೇಶ ಇದಕ್ಕೆ ತದ್ವಿರುದ್ಧ. ಅಲ್ಲಿ ಮಕ್ಕಳ ಕ್ರೀಡೆಗೆ ದೇಶವಿಡೀ ಒಂದೇ ನಿಯಮ. ಹನ್ನೊಂದರ ಒಳಗಿನ ಮಕ್ಕಳಿಗೆ ಅಂಕಪಟ್ಟಿ, ರ್‍ಯಾಂಕ್ ಇಲ್ಲ. ಹದಿಮೂರರ ಒಳಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ. ಜನಸಂಖ್ಯೆ ನಮ್ಮ ಬೆಂಗಳೂರಿನ ಅರ್ಧವೂ ಇಲ್ಲದ ಆ ದೇಶ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪದಕಪಟ್ಟಿಯ ತುದಿಯಲ್ಲಿ ನಿಲ್ಲುತ್ತೆ. ಬೇಗ ಸೋಸಿದರೆ ಮಾತ್ರ ಚಾಂಪಿಯನ್ ಸಿಗ್ತಾನೆ ಅನ್ನುವ ಮಾತಿಗೆ ಇದಕ್ಕಿಂತ ಒಳ್ಳೆ ಉತ್ತರ ಬೇಡ.

ನಮ್ಮ ತಾಲ್ಲೂಕಿಗೆ ಇದರಿಂದ ಏನು?

ಕಡೂರಿನವರಿಗೆ ವೇದಾ ಕೃಷ್ಣಮೂರ್ತಿ ಅವರ ಹೆಸರು ಹೊಸದಾಗಿ ಹೇಳಬೇಕಿಲ್ಲ. ಇಲ್ಲಿನ ಬೀದಿಯಲ್ಲಿ ಹುಡುಗರ ಜೊತೆ ಆಡಿ ಬೆಳೆದವರು. ಹದಿಮೂರರ ಆಸುಪಾಸಿನಲ್ಲಿ ಬೆಂಗಳೂರಿಗೆ ಹೋಗಿ ಶಿಸ್ತಿನ ತರಬೇತಿ ಪಡೆದರು. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಎಸೆತಕ್ಕೆ 70 ರನ್ ಹೊಡೆದು ಭಾರತವನ್ನು ಸೆಮಿಫೈನಲ್‌ಗೆ ಮುಟ್ಟಿಸುವುದರಲ್ಲಿ ದೊಡ್ಡ ಪಾಲು ಪಡೆದರು. ಅವರು ಹೊರಗೆ ಹೋದದ್ದು ಸರಿಯೇ, ಹೋಗದಿದ್ದರೆ ಆ ಮಟ್ಟ ಮುಟ್ಟುತ್ತಿರಲಿಲ್ಲ. ಆದರೆ ಹೊರಗೆ ಹೋಗುವ ಮೊದಲು ಆಡುವ ಆಸೆ ಹುಟ್ಟಿದ್ದು ಎಲ್ಲಿ? ಕಡೂರಿನ ಬೀದಿಯಲ್ಲಿ, ಫೀಸಿಲ್ಲದೆ. ಆ ಬೀದಿ ಆಟ ಇರದಿದ್ದರೆ ಬೆಂಗಳೂರಿನ ಅಕಾಡೆಮಿ ಯಾರನ್ನು ಆರಿಸಿಕೊಳ್ಳುತ್ತಿತ್ತು?

ನಮ್ಮಲ್ಲಿ ಊರ ಕ್ಲಬ್ ಅಂತ ಬೋರ್ಡ್ ಇರಲ್ಲ, ಆದರೆ ಅದರ ಕೆಲಸ ಮಾಡುವ ವ್ಯವಸ್ಥೆ ಇದೆ. ಶಾಲಾ ಕ್ರೀಡಾಕೂಟ ಹೋಬಳಿಯಿಂದ ಶುರುವಾಗಿ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಮೆಟ್ಟಿಲು ಮೆಟ್ಟಿಲಾಗಿ ಏರುತ್ತೆ. ಖೋ-ಖೋ, ಕಬಡ್ಡಿ, ವಾಲಿಬಾಲ್, ಥ್ರೋಬಾಲ್ ಆಡುವ ಹಳ್ಳಿ ಮಗು ಒಂದು ರೂಪಾಯಿ ಫೀಸಿಲ್ಲದೆ ರಾಜ್ಯಮಟ್ಟದ ತನಕ ಹೋಗಬಹುದು. ಇದನ್ನು ಎಳೆಯುವ ಎತ್ತು ಪಿ.ಟಿ. ಮೇಷ್ಟ್ರು. ಆ ಹುದ್ದೆ ಖಾಲಿ ಬಿದ್ದ ಶಾಲೆಯಲ್ಲಿ ತಂಡವೂ ಇರಲ್ಲ, ಮೆಟ್ಟಿಲೂ ಇರಲ್ಲ.

ಇನ್ನೊಂದು ಕಡೆ ಕ್ರಿಕೆಟ್ ಕೋಚಿಂಗ್, ಬ್ಯಾಡ್ಮಿಂಟನ್ ಕೋಚಿಂಗ್, ಬೇಸಿಗೆ ಶಿಬಿರ ಅಂತ ಜಿಲ್ಲಾ ಕೇಂದ್ರಗಳಿಂದ ತಾಲ್ಲೂಕಿನ ತನಕ ಫೀಸಿನ ವ್ಯವಸ್ಥೆ ಬೆಳೆಯುತ್ತಿದೆ. ಹೊರ ರಾಜ್ಯದ ಟೂರ್ನಿಗೆ ಕರೆದುಕೊಂಡು ಹೋಗ್ತೀವಿ, ಆಯ್ಕೆದಾರರ ಕಣ್ಣಿಗೆ ಬೀಳಿಸ್ತೀವಿ ಅನ್ನುವ ಮಾತೂ ಕೇಳಿಬರುತ್ತೆ. ಒಳ್ಳೆಯ ಕೋಚ್‌ಗಳೂ ಅಲ್ಲಿದ್ದಾರೆ, ಅವರ ದುಡಿಮೆಗೆ ಫೀಸು ಕೊಡಬೇಕಾದದ್ದೇ. ಆದರೆ ಸಂತೆಯಲ್ಲಿ ಹಸು ಕೊಳ್ಳುವಾಗ ಹಲ್ಲು ನೋಡುವ ನಾವು, ಮಗುವಿನ ಆಟಕ್ಕೆ ದುಡ್ಡು ಕಟ್ಟುವಾಗ ಸುಮ್ಮನೆ ಕಟ್ಟಬಾರದು. ಅಮೆರಿಕದವರ ಅನುಭವದಿಂದ ಆರಿಸಿದರೆ ಕೇಳಬೇಕಾದ ಪ್ರಶ್ನೆಗಳು ಇವು:

1. ಕೋಚ್ ಯಾರು, ಎಲ್ಲಿ ಆಡಿದ್ದಾರೆ, ಮಕ್ಕಳಿಗೆ ಕಲಿಸಲು ಏನು ತರಬೇತಿ ಪಡೆದಿದ್ದಾರೆ? ಬೋರ್ಡಿನ ಮೇಲೆ ಫೋಟೊ ಇರುವವರೇ ದಿನಾ ಮೈದಾನಕ್ಕೆ ಬರುತ್ತಾರಾ?

2. ನನ್ನ ಮಗುವಿಗೆ ಮ್ಯಾಚ್‌ನಲ್ಲಿ ಎಷ್ಟು ಹೊತ್ತು ಆಡಲು ಸಿಗುತ್ತೆ? ಟೂರ್ನಿಗೆ ದುಡ್ಡು ಕಟ್ಟಿ, ಬೆಂಚಿನ ಮೇಲೆ ಕೂತು ಬರುವುದಾದರೆ ಅದು ಪ್ರವಾಸ, ಆಟ ಅಲ್ಲ.

3. ಫೀಸಿನ ಒಳಗೆ ಏನೇನು ಬರುತ್ತೆ, ಹೊರಗೆ ಏನೇನು? ಕಿಟ್, ಸಮವಸ್ತ್ರ, ಪ್ರಯಾಣ, ವಸತಿ ಎಲ್ಲ ಸೇರಿಸಿ ವರ್ಷದ ಒಟ್ಟು ಮೊತ್ತ ಬರೆದು ಕೊಡಿ ಅಂತ ಕೇಳಿ.

4. ಆ ಟೂರ್ನಿ ನಡೆಸುವವರು ಯಾರು? ರಾಜ್ಯ ಸಂಸ್ಥೆಯ ಮಾನ್ಯತೆ ಇದೆಯಾ, ಅಲ್ಲಿ ಆಡಿದ್ದಕ್ಕೆ ಆಯ್ಕೆಯಲ್ಲಿ ಲೆಕ್ಕ ಸಿಗುತ್ತಾ, ಅಥವಾ ಬರೀ ಸರ್ಟಿಫಿಕೇಟಾ?

5. ಶಾಲಾ ತಂಡಕ್ಕೆ ಆಡಲು ಬಿಡ್ತೀರಾ? ಬಿಡಲ್ಲ ಅಂದರೆ ಅಲ್ಲೇ ಯೋಚನೆ ಮಾಡಿ.

6. ಮಗು ಹನ್ನೆರಡರ ಒಳಗಿದ್ದರೆ, ಬೇರೆ ಆಟ ಆಡಲು ಬಿಡುವು ಕೊಡ್ತೀರಾ?

ಇನ್ನು ಅಂಗಡಿಯವರಿಗೆ ಒಂದು ಮಾತು. ಟೆನಿಸ್ ಬಾಲ್ ಪಂದ್ಯಾವಳಿ ಬಂದರೆ ಟ್ರೋಫಿ ಕೊಡಿಸುವುದು, ಶಾಮಿಯಾನ ಹಾಕಿಸುವುದು, ಫ್ಲೆಕ್ಸಿನಲ್ಲಿ ಫೋಟೊ ಹಾಕಿಸುವುದು ನಮ್ಮಲ್ಲಿ ನಡೆದೇ ಇದೆ, ಅದು ನಡೆಯಲಿ. ಆದರೆ ಆ ಖರ್ಚಿನಲ್ಲಿ ಒಂದು ಪಾಲನ್ನು ನಿಮ್ಮ ಬೀದಿಯ ಸರ್ಕಾರಿ ಶಾಲೆಗೆ ತಿರುಗಿಸಿ ನೋಡಿ. ಒಂದು ವಾಲಿಬಾಲ್ ನೆಟ್ಟು, ನಾಲ್ಕು ಚೆಂಡು, ಹನ್ನೆರಡು ಜೊತೆ ಶೂ, ತಾಲ್ಲೂಕು ಕ್ರೀಡಾಕೂಟಕ್ಕೆ ಹೋಗುವ ದಿನ ಮಕ್ಕಳಿಗೆ ಊಟ ಮತ್ತು ಟೆಂಪೋ ಬಾಡಿಗೆ. ಒಂದು ಫೈನಲ್ ರಾತ್ರಿಯ ಲೈಟಿಂಗ್ ಖರ್ಚಿನ ಆಸುಪಾಸಿನಲ್ಲೇ ಇದು ಮುಗಿಯಬಹುದು. ಅಂಗಿ ಮೇಲೆ ನಿಮ್ಮ ಅಂಗಡಿ ಹೆಸರು ಹಾಕಿಸಿ, ತಪ್ಪೇನಿಲ್ಲ. ಆ ಅಂಗಿ ಜಿಲ್ಲೆಗೆ, ವಿಭಾಗಕ್ಕೆ ಹೋದರೆ ನಿಮ್ಮ ಹೆಸರೂ ಹೋಗುತ್ತೆ. ಶೂ ಕೊಳ್ಳುವ ದುಡ್ಡೂ ನಿಮ್ಮ ಪಕ್ಕದ ಅಂಗಡಿಗೇ ಬರುತ್ತೆ, ಹೊರ ಊರಿನ ಹೋಟೆಲಿಗೆ ಹೋಗಲ್ಲ.

ಡಿಗ್ರಿ ಅರ್ಧಕ್ಕೆ ಬಿಟ್ಟು ಸುದ್ದಿ ಬರೆಯೋಕೆ ಬಂದ ನನಗೆ ಆಟದ ತಾಂತ್ರಿಕ ವಿಷಯದಲ್ಲಿ ಯಾರಿಗೂ ಪಾಠ ಹೇಳುವ ಯೋಗ್ಯತೆ ಇಲ್ಲ. ಆದರೆ ಅಂಕಿ-ಅಂಶ ಓದಿದರೆ ಒಂದು ಮಾತು ಸ್ಪಷ್ಟ. ಹತ್ತು ವರ್ಷದ ಮಗುವಿಗೆ ಬೇಕಿರುವುದು ಮನೆ ಹತ್ತಿರದ ಮೈದಾನ, ಜೊತೆಗೆ ಹತ್ತು ಹುಡುಗರು, ಬೈಯದೆ ಕಲಿಸುವ ಒಬ್ಬ ಮೇಷ್ಟ್ರು. ಹದಿನಾಲ್ಕು ದಾಟಿ, ಮಗುವೇ 'ನಂಗೆ ಇನ್ನೂ ಬೇಕು' ಅಂದಾಗ ಹೊರಗಿನ ತಂಡದ ಬಾಗಿಲು ತಟ್ಟಿದರೆ ತಡವೇನೂ ಆಗಲ್ಲ. ಅಮೆರಿಕದವರು ಈ ಕ್ರಮವನ್ನು ತಿರುವು ಮುರುವು ಮಾಡಿ, ಈಗ ಊರ ಕ್ಲಬ್ಬುಗಳನ್ನು ಮತ್ತೆ ಕಟ್ಟುವುದು ಹೇಗೆ ಅಂತ ಯೋಚಿಸುತ್ತಿದ್ದಾರೆ. ನಮ್ಮ ಹತ್ತಿರ ಶಾಲಾ ಮೈದಾನಗಳು ಇನ್ನೂ ಇವೆ. ಪಿ.ಟಿ. ಮೇಷ್ಟ್ರ ಹುದ್ದೆ ನಿಮ್ಮ ಊರ ಶಾಲೆಯಲ್ಲಿ ತುಂಬಿದೆಯಾ, ಖಾಲಿ ಇದೆಯಾ? ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಅದೊಂದು ಪ್ರಶ್ನೆಯನ್ನಾದರೂ ಕೇಳಿ.